ಕೇಳುಗನ ಪಾಲು

ಕಲಬುರಗಿಯಲ್ಲಿ ಹಾಡು ಕೇಳುವ ಹವ್ಯಾಸ ಇಟ್ಟುಕೊಂಡವರು ತಮಗೆ ಬಾರದ ಭಾಷೆಯ ಹಾಡನ್ನೂ ಕೇಳಲೇಬೇಕಾಗುತ್ತದೆ. ಖ್ವಾಜಾ ಬಂದೇನವಾಜ್ ದರ್ಗಾದ ಉರುಸಿನಲ್ಲಿ ಪಾರ್ಸಿ ಮತ್ತು ಉರ್ದು ಕವ್ವಾಲಿ, ಮಠಗಳ ಜಾಗರಣೆಯಲ್ಲಿ ತತ್ವಪದ, ಮೊಹರಂ ಬಂದಾಗ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುತ್ತ ಹೇಳುವ ಕನ್ನಡದ ಪದ, ಡಾ. ಎಸ್.ಎಂ. ಪಂಡಿತ್ ರಂಗಮಂದಿರದಂಥ ವೇದಿಕೆಗಳಲ್ಲಿ ಬ್ರಜ್ ಮಾತಿನ ಬಂದಿಶ್‌ಗಳ ಹಿಂದೂಸ್ತಾನಿ ಗಾಯನ, ಇವೆಲ್ಲ ಒಂದೇ ಊರಿನ ವರ್ಷದೊಳಗೆ ಅಡಕವಾಗಿವೆ. ನಗರದಿಂದ ಹುಮನಾಬಾದ್ ದಾರಿ ಹಿಡಿದು ಕೆಂಪು ಬಾಳೆಗೆ ಹೆಸರಾದ ಕಮಲಾಪುರದ ಕಡೆಗೆ ಹೊರಟರೆ ಈ ಪಟ್ಟಿಗೆ ತಾಂಡಾಗಳ ಲಂಬಾಣಿ ಹಾಡು ಸೇರುತ್ತದೆ. ತನ್ನದೇ ಲಿಪಿಯಿಲ್ಲದ ಆ ಮಾತು ಬಾಯಿಂದ ಬಾಯಿಗೆ ಮಾತ್ರ ಉಳಿದು ಬಂದಿದೆ. ಕನ್ನಡ, ದಖನಿ, ಲಂಬಾಣಿ, ಮರಾಠಿಗಳು ಒಂದೇ ಸಂತೆಯಲ್ಲಿ ಕಿವಿಗೆ ಬೀಳುವ ಇಂಥ ಸೀಮೆಯಲ್ಲಿ, ಕೇಳುವವರನ್ನೂ ಭಾಷೆಯನ್ನೂ ಬದಿಗಿಟ್ಟರೂ ಕಲೆಗೆ ತನ್ನದೇ ಅರ್ಥ ಉಳಿಯುತ್ತದೆಯೇ ಎಂಬ ಪ್ರಶ್ನೆ ತತ್ವಶಾಸ್ತ್ರದ ಪುಸ್ತಕದಿಂದ ಎರವಲು ತಂದದ್ದೆನಿಸುವುದಿಲ್ಲ.

ಈ ಪ್ರಶ್ನೆಗೆ ಯುರೋಪಿನಲ್ಲಿ ಎರಡು ತುದಿಯ ಉತ್ತರಗಳು ಪ್ರಸಿದ್ಧವಾಗಿವೆ. ವಿಯೆನ್ನಾದ ಸಂಗೀತ ವಿಮರ್ಶಕ ಎಡ್ವರ್ಡ್ ಹಾನ್ಸ್‌ಲಿಕ್ 1854ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಸಂಗೀತದ ತಿರುಳು ಚಲಿಸುವ ನಾದದ ಆಕೃತಿಗಳಲ್ಲಿಯೇ ಇದೆಯೆಂದೂ ಕೇಳುವವನ ಮನಸ್ಸಿನಲ್ಲಿ ಏಳುವ ದುಃಖ ಸಂತೋಷಗಳನ್ನು ಸಂಗೀತದ ಅರ್ಥವೆಂದು ಎಣಿಸಬಾರದೆಂದೂ ವಾದಿಸಿದ. ನೂರಕ್ಕೂ ಹೆಚ್ಚು ವರ್ಷಗಳ ಮೇಲೆ, 1967ರಲ್ಲಿ, ಫ್ರಾನ್ಸಿನ ರೋಲಾಂ ಬಾರ್ತ್ ಸಾಹಿತ್ಯದ ವಿಷಯದಲ್ಲಿ ಇದಕ್ಕೆ ವಿರುದ್ಧವಾದ ದಿಕ್ಕಿನಲ್ಲಿ ನಡೆದು, ಬರಹದ ಅರ್ಥವನ್ನು ಬರೆದವನ ಕೈಯಿಂದ ಬಿಡಿಸಿ ಓದುಗನಿಗೆ ಒಪ್ಪಿಸಿದ. ಮೊದಲನೆಯ ವಾದ ಸದ್ದಿಲ್ಲದೆ ಕುಳಿತು ಕೇಳುವ ಸಭಾಂಗಣದಲ್ಲಿ ಬೆಳೆದದ್ದು, ಎರಡನೆಯದು ಒಬ್ಬನೇ ಕುಳಿತು ಓದುವ ಕೋಣೆಯಲ್ಲಿ. ಹತ್ತಾರು ಜನ ಕೂಡಿ ಕುಳಿತು, ಹಾಡುವವರಿಗೆ ದನಿಗೂಡಿಸಿ, ಬೇಕಾದ ಸಾಲನ್ನು ಮತ್ತೊಮ್ಮೆ ಹೇಳಿಸಿಕೊಂಡು ಕೇಳುವ ಪದ್ಧತಿಗೆ ಇವೆರಡೂ ಸಾಲುವುದಿಲ್ಲ. ಆ ಪದ್ಧತಿಯನ್ನು ಒಳಗಿನಿಂದ ಬಲ್ಲವರ ಚಿಂತನೆ ಕಲಬುರಗಿಯಲ್ಲಿಯೇ ಆರು ಶತಮಾನಗಳ ಹಿಂದೆ ನಡೆದಿತ್ತು.

ಬಂದೇನವಾಜ್ ಎಂದು ಜನ ಕರೆಯುವ ಸೈಯದ್ ಮುಹಮ್ಮದ್ ಹುಸೇನಿ ಗೇಸುದರಾಜ್ ಅವರು 1321ರಲ್ಲಿ ದಿಲ್ಲಿಯಲ್ಲಿ ಹುಟ್ಟಿ, ಚಿಶ್ತಿ ಸೂಫಿ ಪರಂಪರೆಯ ನಾಸಿರುದ್ದೀನ್ ಚಿರಾಗ್ ದೆಹಲ್ವಿ ಅವರ ಶಿಷ್ಯರಾಗಿ, 1398ರಲ್ಲಿ ತೈಮೂರನ ದಂಡು ಸಮೀಪಿಸಿದಾಗ ಆ ನಗರವನ್ನು ಬಿಟ್ಟು, ಬಹಮನಿ ಸುಲ್ತಾನ ಫಿರೋಜ್ ಶಾಹನ ಆಳ್ವಿಕೆಯಲ್ಲಿ ಕಲಬುರಗಿಗೆ ಬಂದು ನೆಲೆಸಿ, 1422ರಲ್ಲಿ ಇಲ್ಲಿಯೇ ದೇಹ ಬಿಟ್ಟರು. ಚಿಶ್ತಿಗಳ ಸಾಧನೆಯಲ್ಲಿ ಸಮಾ ಮುಖ್ಯವಾದದ್ದು. ದೇವರ ನೆನಪು ಎಚ್ಚರಗೊಳ್ಳಲೆಂದು ಗುರುಶಿಷ್ಯರು ಕೂಡಿ ಕುಳಿತು ಹಾಡನ್ನು ಆಲಿಸುವ ಕ್ರಮಕ್ಕೆ ಆ ಹೆಸರು. ಇದರ ವಿಶೇಷವೆಂದರೆ, ಇಲ್ಲಿ ಸಾಧಕ ಹಾಡುವವನಲ್ಲ, ಕೇಳುವವನು. ಗಾಯಕ ಕೂಲಿಗೆ ಬಂದವನಾಗಿರಬಹುದು, ಅವನ ಮನಸ್ಸು ಬೇರೆಲ್ಲೋ ಇರಬಹುದು. ಹಾಡು ಫಲಿಸಿತೋ ಇಲ್ಲವೋ ಎಂಬುದು ಕೇಳುವವನ ಸ್ಥಿತಿಯಿಂದ ತೀರ್ಮಾನವಾಗುತ್ತದೆ. ಆದ್ದರಿಂದಲೇ ಸೂಫಿ ಗ್ರಂಥಗಳು ಆಲಿಸುವುದಕ್ಕೆ ಮೂರು ಕಟ್ಟಳೆಗಳನ್ನು ಹಾಕಿದವು: ಜಮಾನ್, ಅಂದರೆ ಮನಸ್ಸು ಬಿಡುವಾಗಿರುವ ತಕ್ಕ ಹೊತ್ತು, ಮಕಾನ್, ಅಂದರೆ ಗದ್ದಲವಿಲ್ಲದ ತಕ್ಕ ಎಡೆ, ಇಖ್ವಾನ್, ಅಂದರೆ ಒಂದೇ ದಾರಿಯ ಒಡನಾಡಿಗಳು. ಬಾಗ್ದಾದಿನ ಜುನೈದ್ ಅವರ ಹೆಸರಿನಲ್ಲಿ ನಡೆದುಬಂದ ಈ ಮೂರನ್ನು 1111ರಲ್ಲಿ ತೀರಿಕೊಂಡ ಇಮಾಮ್ ಗಜಾಲಿ ತಮ್ಮ ದೊಡ್ಡ ಗ್ರಂಥದಲ್ಲಿ ವಿವರಿಸಿದ್ದಾರೆ. ಹಾಡಿನ ಸಾಹಿತ್ಯ ಎಂಥದಿರಬೇಕು, ಯಾವ ಭಾಷೆಯದಿರಬೇಕು ಎಂಬುದು ಈ ಮೂರರಲ್ಲಿ ಇಲ್ಲವೆಂಬುದನ್ನು ಗಮನಿಸಬೇಕು.

ಗಜಾಲಿ ಈ ವಿಚಾರವನ್ನು ಇನ್ನೂ ಮುಂದಕ್ಕೆ ಒಯ್ಯುತ್ತಾರೆ. ಅವರು ಕೊಡುವ ಒಂದು ನಿದರ್ಶನದಲ್ಲಿ, ಪಾರ್ಸಿ ಮಾತಾಡುವವನೊಬ್ಬ ಅರಬ್ಬಿ ಪದ್ಯವೊಂದನ್ನು ಕೇಳಿ, ಅದರ ಒಂದು ಪದವನ್ನು ತನ್ನ ಭಾಷೆಯದೆಂದೇ ಗ್ರಹಿಸಿ, ಮನುಷ್ಯನ ನಶ್ವರತೆಯ ಮಾತು ಕೇಳಿದಂತಾಗಿ ಪರವಶನಾಗುತ್ತಾನೆ. ಕವಿ ಬರೆದದ್ದಾದರೋ ಕನಸಿಗೆ ಬಂದ ಪ್ರಿಯನ ಸಂಗತಿ. ಕವಿಯ ಉದ್ದೇಶಕ್ಕೂ ಕೇಳುಗನ ಗ್ರಹಿಕೆಗೂ ಇಲ್ಲಿ ಯಾವ ಸಂಬಂಧವೂ ಇಲ್ಲ. ಆದರೂ ಗಜಾಲಿ ಆ ಪರವಶತೆಯನ್ನು ಸುಳ್ಳೆಂದು ತಳ್ಳಿಹಾಕುವುದಿಲ್ಲ, ಏಕೆಂದರೆ ಕೇಳಿದವನಿಗೆ ಹೊಳೆದ ವಿಚಾರ ನಿಜವಾದದ್ದೇ, ಅದು ಅವನಲ್ಲಿ ಉಂಟುಮಾಡಿದ ಬದಲಾವಣೆಯೂ ನಿಜವಾದದ್ದೇ. ಇಷ್ಟನ್ನೇ ಹಿಡಿದರೆ ಕಲೆಯ ಅರ್ಥವೆಲ್ಲ ಕೇಳುಗನದೇ, ಭಾಷೆ ಒಂದು ನೆಪ ಮಾತ್ರ ಎಂಬ ನಿರ್ಣಯಕ್ಕೆ ಬರಬೇಕಾಗುತ್ತದೆ.

ಆದರೆ ಗೇಸುದರಾಜ್ ಅಷ್ಟು ದೂರ ಹೋಗಲಿಲ್ಲ. ಅವರ ಮಾತುಕತೆಗಳನ್ನು ಮಗ ಸೈಯದ್ ಮುಹಮ್ಮದ್ ಅಕ್ಬರ್ ಹುಸೇನಿ ಬರೆದಿಟ್ಟ ‘ಜವಾಮಿ ಉಲ್ ಕಲಿಂ’ ಎಂಬ ಪಾರ್ಸಿ ಗ್ರಂಥದಲ್ಲಿ, ಸೂಫಿಗಳಿಗೆ ಹಿಂದವಿಯ ಹಾಡು ಏಕೆ ಅಷ್ಟು ಹಿಡಿಸುತ್ತದೆ ಎಂಬ ಚರ್ಚೆ ಬರುತ್ತದೆ. ಹಿಂದವಿಯೆಂದರೆ ಆಗ ಉತ್ತರದಲ್ಲಿ ಜನ ಆಡುತ್ತಿದ್ದ ಮಾತು, ದಖನಿಗೆ ಹತ್ತಿರದ ಬಳಗ. ಪ್ರತಿ ಭಾಷೆಗೂ ತನ್ನದೇ ಗುಣವುಂಟು, ಪಾರ್ಸಿಯ ಸೊಗಸು ಪಾರ್ಸಿಗೇ ಸಲ್ಲುವಂಥದು, ಆದರೆ ಹಿಂದವಿ ಮೆದುವಾದದ್ದು, ಮರೆಯಿಲ್ಲದೆ ಎದೆಗೆ ತಾಗುವಂಥದು, ಅದರ ಹಾಡುಗಾರಿಕೆ ಕೇಳುವವನಲ್ಲಿ ದೈನ್ಯವನ್ನು ಮೂಡಿಸುತ್ತದೆ ಎಂಬುದು ಅವರ ಅಭಿಪ್ರಾಯದ ಸಾರ. ಪಾಂಡಿತ್ಯದ ಬರಹಕ್ಕೆ ಪಾರ್ಸಿ, ಅರಬ್ಬಿಗಳನ್ನು ಬಳಸಿದ ವಿದ್ವಾಂಸರೊಬ್ಬರು ಆಲಿಸುವ ಸಾಧನೆಗೆ ಆಡುಮಾತನ್ನು ಮೆಚ್ಚಿದ್ದರಲ್ಲಿ ಗಟ್ಟಿಯಾದ ಒಂದು ವಿವೇಚನೆಯಿದೆ: ಕೇಳುಗನ ಸ್ಥಿತಿಯೇ ಮುಖ್ಯವೆಂದು ಒಪ್ಪಿದರೂ, ಆ ಸ್ಥಿತಿಯನ್ನು ಮುಟ್ಟಲು ಎಲ್ಲ ಭಾಷೆಗಳೂ ಒಂದೇ ಹಾದಿಯಿಂದ ಬರುವುದಿಲ್ಲ, ಭಾಷೆಯ ನಾದವೂ ಅದರೊಂದಿಗಿನ ಬಾಳಿನ ಬಳಕೆಯೂ ಹಾಡಿನ ಕೆಲಸದಲ್ಲಿ ಪಾಲು ಪಡೆಯುತ್ತವೆ.

ಕೇಳುಗನ ಬಗೆಗಿನ ಯೋಚನೆ ಈ ಸೀಮೆಗೆ ದಿಲ್ಲಿಯಿಂದಲೇ ಬರಬೇಕಾಗಿರಲಿಲ್ಲ. ಇದೇ ಜಿಲ್ಲೆಯ ಮಳಖೇಡ ರಾಷ್ಟ್ರಕೂಟರ ಮಾನ್ಯಖೇಟವಾಗಿದ್ದ ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯ ‘ಕವಿರಾಜಮಾರ್ಗ’ವನ್ನು ರಚಿಸಿದ. ದೊರೆತಿರುವ ಕನ್ನಡ ಕೃತಿಗಳಲ್ಲಿ ಮೊದಲನೆಯದಾದ ಈ ಲಕ್ಷಣಗ್ರಂಥ ಕವಿಗಳಿಗೆ ದಾರಿ ತೋರಿಸುವುದಕ್ಕಾಗಿ ಹುಟ್ಟಿದ್ದರೂ, ಕಾವೇರಿಯಿಂದ ಗೋದಾವರಿಯವರೆಗಿನ ನಾಡಿನ ಜನ ಓದು ಕಲಿಯದೆಯೂ ಕಾವ್ಯದ ಹದವನ್ನು ಬಲ್ಲವರೆಂದು ಹೊಗಳುತ್ತದೆ. ಹೆಚ್ಚುಕಡಿಮೆ ಅದೇ ಕಾಲದಲ್ಲಿ ಕಾಶ್ಮೀರದ ಆನಂದವರ್ಧನ, ಕಾವ್ಯದ ಜೀವವಿರುವುದು ಧ್ವನಿಯಲ್ಲಿ, ಅಂದರೆ ನೇರವಾಗಿ ಹೇಳದೆ ಹೊಳೆಯಿಸುವ ಅರ್ಥದಲ್ಲಿ ಎಂದು ಸಾರಿ, ಆ ಹೊಳಹನ್ನು ಹಿಡಿಯಬಲ್ಲವನನ್ನು ಸಹೃದಯನೆಂದು ಕರೆದ. ಅವನ ಗ್ರಂಥಕ್ಕೆ ವ್ಯಾಖ್ಯಾನ ಬರೆದ ಅಭಿನವಗುಪ್ತ, ಕಾವ್ಯದ ಸತತ ಅಭ್ಯಾಸದಿಂದ ಕನ್ನಡಿಯಂತೆ ತಿಳಿಯಾದ ಮನಸ್ಸುಳ್ಳವನೇ ಸಹೃದಯನೆಂದು ಬಿಡಿಸಿ ಹೇಳಿದ. ಶ್ರೀವಿಜಯನ ಕೇಳುಗನಿಗೆ ತಯಾರಿ ಬರುವುದು ಭಾಷೆಯೊಳಗೆ ಬೆಳೆದ ಬಾಳಿನಿಂದ, ಅಭಿನವಗುಪ್ತನ ಕೇಳುಗನಿಗೆ ವ್ಯಾಸಂಗದಿಂದ, ಸೂಫಿ ಕೇಳುಗನಿಗೆ ಸಾಧನೆಯಿಂದ. ಮೂವರೂ ಒಂದು ಮಾತಿನಲ್ಲಿ ಕೂಡುತ್ತಾರೆ: ಅರ್ಥ ದಕ್ಕುವುದು ತಯಾರಾದವನಿಗೆ.

ಇಲ್ಲಿ ಬಲವಾದ ಒಂದು ಆಕ್ಷೇಪಣೆ ಏಳುತ್ತದೆ. ಎಲ್ಲವೂ ಕೇಳುಗನ ತಯಾರಿಯ ಮೇಲೆ ನಿಂತಿದ್ದರೆ, ಕೇಳುಗರೇ ಇಲ್ಲದ ಕಾಲದಲ್ಲಿ ಕೃತಿ ಬರಿದಾಗುತ್ತದೆಯೇ? ಭೀಮಾ ದಂಡೆಯ ಸನ್ನತಿ ಇದಕ್ಕೆ ಉತ್ತರ ಕೊಡುತ್ತದೆ. ಅಲ್ಲಿನ ಚಂದ್ರಲಾಂಬಾ ಗುಡಿಯ ಆವರಣದಲ್ಲಿರುವ ಕಾಳಿ ಗುಡಿಯ ಚಾವಣಿ 1980ರ ದಶಕದಲ್ಲಿ ಕುಸಿದ ಮೇಲೆ, ದೇವಿಯ ಮೂರ್ತಿಗೆ ಪೀಠವಾಗಿದ್ದ ಚಪ್ಪಡಿಯ ಮೇಲೆ ಅಶೋಕನ ಶಾಸನಗಳು ಕಂಡವು. ಬ್ರಾಹ್ಮಿ ಲಿಪಿಯ ಪ್ರಾಕೃತವನ್ನು ಓದುವವರು ಇಲ್ಲವಾದ ಯಾವುದೋ ಶತಮಾನದಲ್ಲಿ ಆ ಕಲ್ಲಿನ ನಡುವೆ ತೂತು ಕೊರೆದು ಮೂರ್ತಿ ನಿಲ್ಲಿಸಿದ್ದರು. ಅಕ್ಷರ ಅವರ ಕಣ್ಣಿಗೆ ಗೀಟುಗಳಷ್ಟೇ. ಬ್ರಾಹ್ಮಿ ಲಿಪಿಯ ಗುಟ್ಟನ್ನು ಜೇಮ್ಸ್ ಪ್ರಿನ್ಸೆಪ್ 1837ರ ಹೊತ್ತಿಗೇ ಬಿಡಿಸಿದ್ದರಿಂದ, ಕಲ್ಲು ಹೊರಬಂದ ಕೂಡಲೇ ವಿದ್ವಾಂಸರಿಗೆ ಅದನ್ನು ಓದಲು ಸಾಧ್ಯವಾಯಿತು. ಓದಿದವರು ಅರ್ಥವನ್ನು ಹೊಸದಾಗಿ ಕಟ್ಟಿಕೊಡಲಿಲ್ಲ. ಕಲ್ಲಿನಲ್ಲಿದ್ದದ್ದಕ್ಕೆ ಅವರು ಬದ್ಧರಾಗಿರಬೇಕಾಯಿತು. ಹತ್ತಿರದ ಕನಗನಹಳ್ಳಿಯ ಸ್ತೂಪದಲ್ಲಿ ಇದರ ಇನ್ನೊಂದು ಮಗ್ಗುಲು ಕಾಣುತ್ತದೆ. ರಾಣಿ ಮತ್ತು ಪರಿವಾರದೊಡನೆ ನಿಂತಿರುವ ಅರಸನೊಬ್ಬನ ಶಿಲ್ಪದ ಜೊತೆಗೆ ಅವನು ಅಶೋಕನೆಂದು ಬ್ರಾಹ್ಮಿಯಲ್ಲಿ ಕೊರೆದಿರದಿದ್ದರೆ, ಕೆತ್ತನೆಯ ಚೆಲುವಿಗೆ ಕುಂದಿಲ್ಲದಿದ್ದರೂ ಅವನು ಯಾರೋ ಒಬ್ಬ ದೊರೆಯಾಗಿಯೇ ಉಳಿಯುತ್ತಿದ್ದ.

ಮಾತೇ ಇಲ್ಲದ ಕಲೆಯಲ್ಲಿ ಈ ತೊಡಕು ಬೇರೆ ರೂಪದಲ್ಲಿ ಬರುತ್ತದೆ. ಕಲಬುರಗಿ ಕೋಟೆಯೊಳಗಿನ ಜಾಮಿ ಮಸೀದಿ ಸುಮಾರು 216 ಅಡಿ ಉದ್ದ, 176 ಅಡಿ ಅಗಲದ್ದು. ಮಸೀದಿಗಳಲ್ಲಿ ಸಾಮಾನ್ಯವಾಗಿ ಕಾಣುವ ಬಯಲು ಅಂಗಳವಿಲ್ಲದೆ, ಸಾಲು ಗುಮ್ಮಟಗಳ ಚಾವಣಿ ಅದನ್ನು ಪೂರ್ತಿಯಾಗಿ ಮುಚ್ಚಿದೆ. ಅಲ್ಲಿನ ಶಾಸನ 1367ನೆಯ ವರ್ಷವನ್ನೂ ಇರಾನಿನ ಖಜ್ವೀನ್ ಮೂಲದ ರಫಿ ಎಂಬ ನಿರ್ಮಾತೃವನ್ನೂ ಹೆಸರಿಸುತ್ತದೆ. ಆದರೂ ಕಲಾ ಇತಿಹಾಸಕಾರ್ತಿ ಹೆಲೆನ್ ಫಿಲೋನ್, ಈ ಕಟ್ಟಡ ಮೂಲದಲ್ಲಿ ಫಿರೋಜ್ ಶಾಹನ ಸಾವಿರ ಕಂಬದ ದರ್ಬಾರು ಶಾಲೆಯಾಗಿರಬೇಕೆಂದು ವಾದ ಮಂಡಿಸಿದ್ದಾರೆ. ಕಮಾನು, ಕಂಬ, ಅವುಗಳ ನಡುವೆ ಹರಿಯುವ ಬೆಳಕು ಎರಡೂ ವಾದಗಳಿಗೆ ಒಂದೇ. ಅದು ನಮಾಜಿಗೆ ಬಾಗಿದವರ ಎಡೆಯೋ ಸುಲ್ತಾನನಿಗೆ ತಲೆಬಾಗಿದವರ ಎಡೆಯೋ ಎಂಬುದನ್ನು ಮಾತ್ರ ಆಕೃತಿ ಒಂದೇ ನಿಂತು ಹೇಳಲಾರದು. ಕಲೆಯ ಆಕೃತಿ ಅರ್ಥಗಳಿಗೆ ಎಲ್ಲೆ ಹಾಕುತ್ತದೆ, ಆ ಎಲ್ಲೆಯೊಳಗಿನ ಆಯ್ಕೆಯನ್ನು ಬಳಕೆಗೆ ಬಿಡುತ್ತದೆ.

ಹಾಡಿನ ಲೋಕದಲ್ಲಿ ಆಕೃತಿ, ಮಾತು, ಬಳಕೆ ಈ ಮೂರರ ಸಂಬಂಧವನ್ನು ಬೀಸುಕಲ್ಲಿನಷ್ಟು ಸ್ಪಷ್ಟವಾಗಿ ತೋರಿಸುವುದು ಬೇರೊಂದಿಲ್ಲ. ದಖ್ಖನಿನ ಸೂಫಿ ಸಾಹಿತ್ಯದಲ್ಲಿ ಚಕ್ಕೀನಾಮಾ ಎಂಬ ಪ್ರಕಾರವಿದೆ. ಹೆಂಗಸರು ಹಿಟ್ಟು ಬೀಸುವಾಗ ಹಾಡಿಕೊಳ್ಳಲು ತಕ್ಕಂತೆ ಕಟ್ಟಿದ ಈ ದಖನಿ ಪದಗಳಲ್ಲಿ ಕಲ್ಲಿನ ಗೂಟ, ಹಿಡಿಕೆ, ತಿರುಗುವಿಕೆಗಳೇ ದೇವರ ನೆನಹಿನ ಸಂಕೇತಗಳಾಗುತ್ತವೆ. ಇತಿಹಾಸಕಾರ ರಿಚರ್ಡ್ ಈಟನ್ ಈ ಪ್ರಕಾರವನ್ನು ಅಭ್ಯಾಸ ಮಾಡಿ, ಸೂಫಿ ವಿಚಾರ ಹಳ್ಳಿಯ ಮನೆಗಳನ್ನು ಹೊಕ್ಕ ಮುಖ್ಯ ಹಾದಿ ಇದೆಂದು ಗುರುತಿಸಿದ್ದಾರೆ. ಕಮಲಾಪುರದ ಸುತ್ತಿನ ಜೋಳದ ಸೀಮೆಯಲ್ಲಿ ಇದೇ ಕೆಲಸಕ್ಕೆ ಕನ್ನಡದ ಬೀಸುವ ಪದಗಳಿದ್ದವು, ಅವುಗಳಲ್ಲಿ ತವರು, ಅಣ್ಣತಮ್ಮಂದಿರು, ಬೀಸುಕಲ್ಲೇ ದೇವರಾಗುವ ಭಾವ ತುಂಬಿರುತ್ತಿತ್ತು. ಮಾತು ಎರಡು, ಮತ ಎರಡು, ಆದರೆ ಕಲ್ಲು ಒಂದೇ ಬಗೆಯಲ್ಲಿ ತಿರುಗುವುದರಿಂದ ಲಯದ ಕಟ್ಟು ಎರಡೂ ಕಡೆ ಒಂದೇ ದುಡಿಮೆಯಿಂದ ಹುಟ್ಟಿದ್ದು. ಬೀಸುವ ಕೈಗೆ ಪಕ್ಕದ ಮನೆಯ ಹಾಡಿನ ನಡೆ ತಿಳಿಯಲು ಅದರ ಭಾಷೆ ಬೇಕಾಗಿರಲಿಲ್ಲ, ಆದರೆ ಆ ಹಾಡಿನ ತವರಿನ ಹಂಬಲವೋ ಪೀರರ ನೆನಹೋ ತಿಳಿಯಲು ಬೇಕೇ ಬೇಕಾಗಿತ್ತು. ಊರೂರಿಗೆ ಹಿಟ್ಟಿನ ಗಿರಣಿ ಬಂದ ಮೇಲೆ ಹಾಡಿನ ಹೊತ್ತು, ಎಡೆ, ಜೊತೆಗಾರ್ತಿಯರು ಒಟ್ಟಿಗೆ ಕಳಚಿಕೊಂಡರು. ಅದೇ ಪದವನ್ನು ಇಂದು ಜಾನಪದ ಮೇಳದ ವೇದಿಕೆಯಲ್ಲಿ ಧ್ವನಿವರ್ಧಕದ ಮುಂದೆ ಹಾಡಿದಾಗ ಸಾಹಿತ್ಯ ಹಾಗೇ ಇರುತ್ತದೆ, ಧಾಟಿಯೂ ಹಾಗೇ ಇರುತ್ತದೆ. ದಣಿವನ್ನು ಮರೆಸುವ ಅದರ ಕೆಲಸ ಮಾತ್ರ ಇರುವುದಿಲ್ಲ.

ಭಾಷೆ ಬಂದರೆ ಅರ್ಥ ತಾನಾಗಿ ಬರುತ್ತದೆ ಎಂಬ ನಂಬಿಕೆಯನ್ನು ತತ್ವಪದಗಳು ಅಲುಗಿಸುತ್ತವೆ. ಇದೇ ಜಿಲ್ಲೆಯ ಕಡಕೋಳದ ಮಡಿವಾಳಪ್ಪನವರು ಮತ್ತು ಅವರ ಶಿಷ್ಯ ಬಳಗದ ಪದಗಳನ್ನು ಏಕತಾರಿ, ತಾಳ, ದಮಡಿಗಳೊಂದಿಗೆ ಹಾಡುವ ಭಜನಾ ಮೇಳಗಳಲ್ಲಿ, ಪ್ರತಿಯೊಂದು ಶಬ್ದವೂ ನಿತ್ಯದ ಕನ್ನಡವೇ ಆಗಿದ್ದು ಇಡೀ ಪದ ಒಗಟಾಗಿ ನಿಲ್ಲುವುದುಂಟು. ವಚನಗಳಲ್ಲಿ ಬೆಡಗು ಎನ್ನಿಸಿಕೊಳ್ಳುವ ಈ ರೀತಿಯಲ್ಲಿ, ಹೊರಮಾತು ಅಸಂಗತವಾಗಿ ತೋರುವಂತೆ ಕಟ್ಟಿ, ಯೋಗದ ಅಥವಾ ಅನುಭಾವದ ಸಂಗತಿಯನ್ನು ಒಳಗೆ ಅಡಗಿಸಲಾಗುತ್ತದೆ. ಅದನ್ನು ಬಿಡಿಸುವ ಕೀಲಿಕೈ ಗುರುಮುಖದಿಂದ, ಮೇಳದ ಹಿರಿಯರ ವಿವರಣೆಯಿಂದ, ಹತ್ತು ಸಲ ಹಾಡಿಕೊಂಡ ಬಳಕೆಯಿಂದ ದೊರೆಯುವಂಥದು. ಇದಕ್ಕೆ ತೀರ ವಿರುದ್ಧವಾದ ತುದಿಯಲ್ಲಿ ಹಿಂದೂಸ್ತಾನಿ ಸಂಗೀತದ ತರಾನಾ ಇದೆ. ವಾಕ್ಯವಾಗದ ಅಕ್ಷರಗಳನ್ನೇ ಹೆಣೆದ ಈ ಪ್ರಕಾರದ ಮೂಲವನ್ನು ಸಂಪ್ರದಾಯ ಅಮೀರ್ ಖುಸ್ರೋಗೆ ಒಪ್ಪಿಸುತ್ತದೆ. ಇಂದೋರಿನ ಉಸ್ತಾದ್ ಅಮೀರ್ ಖಾನ್ ಆ ಅಕ್ಷರಗಳ ಹಿಂದೆ ಸೂಫಿ ಸ್ಮರಣೆಯ ಪಾರ್ಸಿ, ಅರಬ್ಬಿ ಪದಗಳಿವೆಯೆಂದು ನಂಬಿ ಅದರ ಶೋಧಕ್ಕೆ ಶ್ರಮಿಸಿದರು. ಆ ನಂಬಿಕೆಯನ್ನು ಒಪ್ಪದ ಕೇಳುಗನಿಗೂ ತರಾನಾದ ರುಚಿ ಕಡಿಮೆಯಾಗುವುದಿಲ್ಲ. ಪೂರ್ತಿ ಗೊತ್ತಿರುವ ಮಾತು ತಿಳಿಯದೆ ಹೋಗುವುದು, ಮಾತೇ ಅಲ್ಲದ್ದು ತಲುಪುವುದು, ಇವೆರಡೂ ಒಂದೇ ಊರಿನ ಒಂದೇ ಇರುಳಿನಲ್ಲಿ ನಡೆಯಬಹುದು.

ಒಂದು ಜನದ ಅರ್ಥ ಇನ್ನೊಂದು ಜನದ ಬಾಯಲ್ಲಿ ಮರುಹುಟ್ಟು ಪಡೆಯುವುದಕ್ಕೆ ಮೊಹರಂ ಪದಗಳು ಸಾಕ್ಷಿ. ಕ್ರಿ.ಶ. 680ರಲ್ಲಿ ಇರಾಕಿನ ಕರ್ಬಲಾದಲ್ಲಿ ಇಮಾಮ್ ಹುಸೇನರು ತಮ್ಮ ಬಳಗದೊಂದಿಗೆ ಮಡಿದ ಕತೆ ಅರಬ್ಬಿಯಿಂದ ಪಾರ್ಸಿಗೆ, ಪಾರ್ಸಿಯಿಂದ ದಖನಿಗೆ ಬಂದು, ಕಲ್ಯಾಣ ಕರ್ನಾಟಕದ ಹಳ್ಳಿಗಳಲ್ಲಿ ಕನ್ನಡದ ರಿವಾಯತ ಪದವಾಗಿ ನೆಲೆಯೂರಿದೆ. ಅದನ್ನು ಕಟ್ಟಿದವರಲ್ಲಿ, ಹಾಡುವವರಲ್ಲಿ ಎಲ್ಲ ಜಾತಿಮತದವರೂ ಇದ್ದಾರೆ. ಈ ದಾರಿಯಲ್ಲಿ ಕತೆಯ ವಿವರಗಳು ಬದಲಾಗಿವೆ, ತಾಯಿಯ ಅಳಲು ಕನ್ನಡ ತಾಯಿಯ ಅಳಲಿನ ಧಾಟಿ ಪಡೆದಿದೆ. ಆದರೂ ನೀರಡಿಕೆ, ನಂಬಿದ್ದಕ್ಕಾಗಿ ಸಾಯುವ ದಿಟ್ಟತನ, ಉಳಿದವರ ದುಃಖ ಈ ಮೂರನ್ನು ಯಾವ ಭಾಷೆಯೂ ಬಿಟ್ಟುಕೊಟ್ಟಿಲ್ಲ. ಬಿಟ್ಟಿದ್ದರೆ ಅದು ಕರ್ಬಲಾದ ಕತೆಯಾಗಿ ಉಳಿಯುತ್ತಿರಲಿಲ್ಲ.

ಇಷ್ಟರಿಂದ ಒಂದು ವಿಂಗಡಣೆ ಸಾಧ್ಯವಾಗುತ್ತದೆ. ಕಲೆಗೆ ಅರ್ಥವಿದೆಯೇ ಎಂಬ ಒಂದೇ ಪ್ರಶ್ನೆಯಲ್ಲಿ ಮೂರು ಪ್ರಶ್ನೆಗಳು ಕಲೆತುಹೋಗಿವೆ. ಆಕೃತಿ, ಅಂದರೆ ಸ್ವರ, ಲಯ, ಕಟ್ಟಡದ ಅಳತೆ, ಕಲ್ಲಿನ ಗೆರೆ, ಕೇಳುವವರು ಎದ್ದುಹೋದರೂ ಇರುತ್ತದೆ. ಈ ಮಟ್ಟಿಗೆ ಹಾನ್ಸ್‌ಲಿಕ್ ಹೇಳಿದ್ದು ಸರಿ. ಮಾತಿನ ಅರ್ಥ ಭಾಷೆಯನ್ನು ನೆಚ್ಚಿದೆ, ಆದರೆ ಇಂದು ಎದುರಿಗೆ ಕುಳಿತ ಸಭೆಯನ್ನಲ್ಲ. ಸನ್ನತಿಯ ಚಪ್ಪಡಿಯಂತೆ ಅದು ಬಲ್ಲವರು ಬರುವವರೆಗೆ ಸುಮ್ಮನಿರಬಲ್ಲದು. ಅನುಭವವೆಂಬ ಮೂರನೆಯ ಅರ್ಥ ಮಾತ್ರ ಹೊತ್ತು, ಎಡೆ, ಒಡನಾಡಿಗಳು ಕೂಡಿದಾಗ ಪ್ರತಿ ಸಲವೂ ಹೊಸದಾಗಿ ಆಗಬೇಕಾದದ್ದು, ಕೇಳುಗನಿಲ್ಲದೆ ಅದಿಲ್ಲ. ಗಜಾಲಿಯ ನಿದರ್ಶನದ ಪಾರ್ಸಿಯವನಿಗೆ ಮೊದಲನೆಯದೂ ಮೂರನೆಯದೂ ದೊರೆತವು, ಎರಡನೆಯದು ತಪ್ಪಿತು. ಅವನ ಅನುಭವವನ್ನು ಗೌರವಿಸುತ್ತಲೇ ಅವನು ಆ ಪದ್ಯವನ್ನು ಬಲ್ಲವನಲ್ಲವೆಂದು ಹೇಳಲು ಅಡ್ಡಿಯಿಲ್ಲ.

ಈ ವಿಂಗಡಣೆಯಿಂದ ಹವ್ಯಾಸಿಗೆ ಒಂದು ಕ್ರಮವೂ ಸಿಗುತ್ತದೆ. ಬಾರದ ಭಾಷೆಯ ಹಾಡನ್ನು ಮೊದಲ ಸಲ ಅರ್ಥ ಕೇಳದೆ ಕೇಳುವುದು ಲೇಸು, ಏಕೆಂದರೆ ಸಾಹಿತ್ಯ ತಿಳಿದ ಮೇಲೆ ಕಿವಿ ಸ್ವರವನ್ನು ಬಿಟ್ಟು ಮಾತಿನ ಹಿಂದೆ ಓಡುತ್ತದೆ. ಅನಂತರ ಬಲ್ಲವರಿಂದ ಸಾಲು ಸಾಲಾಗಿ ಅರ್ಥ ತಿಳಿಯಬೇಕು. ಕಲಬುರಗಿಯಂಥ ಊರಿನಲ್ಲಿ ಕವ್ವಾಲಿಯ ಪಾರ್ಸಿ ಸಾಲನ್ನು ಬಿಡಿಸುವ ಹಿರಿಯರೂ, ಮಡಿವಾಳಪ್ಪನವರ ಪದದ ಗಂಟನ್ನು ಬಿಚ್ಚುವ ಭಜನಾ ಮೇಳದವರೂ, ತಾಂಡಾದ ಹಾಡಿನ ಸಂದರ್ಭವನ್ನು ಹೇಳಬಲ್ಲ ಅಜ್ಜಿಯರೂ ದೂರದಲ್ಲಿಲ್ಲ. ಆಮೇಲೆ ಅದೇ ಹಾಡನ್ನು ಅದು ಸಹಜವಾಗಿ ನಡೆಯುವ ಎಡೆಯಲ್ಲಿ, ಅದರ ಜನರ ಜೊತೆ ಕುಳಿತು ಮತ್ತೆ ಕೇಳಬೇಕು. ಹಾಡುಗಳನ್ನು ಸಂಗ್ರಹಿಸುವವರಿಗೂ ಈ ಕ್ರಮ ಸಲ್ಲುತ್ತದೆ: ಬೀಸುವ ಪದದ ಸಾಹಿತ್ಯವನ್ನಷ್ಟೇ ಪುಸ್ತಕಕ್ಕೆ ಇಳಿಸಿಕೊಂಡವರು ಮೂರರಲ್ಲಿ ಒಂದು ಪಾಲನ್ನು ಉಳಿಸಿದ್ದಾರೆ, ಧಾಟಿಯನ್ನೂ ಧ್ವನಿಮುದ್ರಿಸಿದವರು ಎರಡನ್ನು ಉಳಿಸಿದ್ದಾರೆ, ಅದನ್ನು ಯಾರು ಯಾರ ಜೊತೆ ಯಾವ ಹೊತ್ತಿನಲ್ಲಿ ಹಾಡುತ್ತಿದ್ದರೆಂದು ಬರೆದಿಟ್ಟವರು ಮಾತ್ರ ಮೂರನೆಯದಕ್ಕೆ ದಾರಿಯನ್ನು ಉಳಿಸಿದ್ದಾರೆ. ಮಾತು ತಿಳಿಯುವುದಿಲ್ಲವೆಂದು ಸಭೆಯಿಂದ ಎದ್ದುಹೋಗುವವನೂ, ಸಂಗೀತಕ್ಕೆ ಭಾಷೆಯ ಹಂಗಿಲ್ಲವೆಂದು ಹೇಳಿ ಸಾಹಿತ್ಯವನ್ನು ವಿಚಾರಿಸದೆ ತಲೆದೂಗುವವನೂ ಮಾಡುವ ತಪ್ಪು ಒಂದೇ. ಇಬ್ಬರೂ ತಾವು ಮಾಡಬೇಕಾದ ಕೆಲಸವನ್ನು ಹಾಡುವವರ ಹೆಗಲಿಗೆ ಹಾಕುತ್ತಾರೆ.